ಶಾಸನವೂ ಶಂಕುಸ್ಥಾಪನೆಯೂ

ಯುದ್ಧ, ಶಾಂತಿ, ಸಮೃದ್ಧಿ ಎಂಬ ಮೂರು ಶಬ್ದಗಳು ಆಳುವವರ ಬಾಯಿಯಲ್ಲಿ ಒಂದೇ ದಾರದಲ್ಲಿ ಪೋಣಿಸಿದ ಮಣಿಗಳಂತೆ ಬರುತ್ತವೆ. ಯುದ್ಧವು ಶಾಂತಿಗಾಗಿ, ಶಾಂತಿಯು ಸಮೃದ್ಧಿಗಾಗಿ ಎಂದು ಅವರು ಹೇಳುತ್ತಾರೆ, ಕೇಳಿದವರು ತಲೆದೂಗುತ್ತಾರೆ. ಯುದ್ಧ ಯಾರದು, ಸಮೃದ್ಧಿ ಯಾರದು ಎಂಬ ಪ್ರಶ್ನೆಯನ್ನು ಸಭೆಯಲ್ಲಿ ಎತ್ತುವವರು ವಿರಳ. ಎತ್ತಿದರೂ ಉತ್ತರ ಕೊಡಬೇಕಾದವನು ಅಷ್ಟರಲ್ಲಿ ಮುಂದಿನ ಊರಿನ ಸಭೆಗೆ ಹೊರಟುಹೋಗಿರುತ್ತಾನೆ. ಆದರೆ ಕಲ್ಲಿನಲ್ಲಿ ಕೆತ್ತಿಸಿದ ಮಾತಿಗೆ ಹಾಗೆ ತಪ್ಪಿಸಿಕೊಳ್ಳುವ ದಾರಿಯಿಲ್ಲ. ಆಡಿದವನು ಅಳಿದ ಮೇಲೂ ಅದು ನಿಂತಲ್ಲಿಯೇ ನಿಂತು, ಬಂದವರ ವಿಚಾರಣೆಗೆ ಒಳಗಾಗುತ್ತಿರುತ್ತದೆ. ಈ ದೃಷ್ಟಿಯಿಂದ ಬಾಗಲಕೋಟೆಯ ಸೀಮೆ ಭಾಗ್ಯಶಾಲಿಯಾದುದು. ಬಾದಾಮಿಯಿಂದ ಹುನಗುಂದದವರೆಗಿನ ಈ ಕೆಂಗಲ್ಲಿನ ನಾಡಿನಲ್ಲಿ ಆಳಿದವರ ಮಾತು ಹದಿನಾಲ್ಕುನೂರು ವರ್ಷಗಳಿಂದ ಬಂಡೆಯ ಮೇಲೆ ಉಳಿದುಕೊಂಡು ಬಂದಿದೆ. ಆ ಮಾತುಗಳ ಪಕ್ಕದಲ್ಲಿ ನಮ್ಮ ಕಾಲದ ಮಾತುಗಳನ್ನಿಟ್ಟು ನೋಡುವುದು ಈ ಲೇಖನದ ಉದ್ದೇಶ.

ಬಾದಾಮಿಯ ಬಂಡೆಯ ಮೇಲಿನ ಮೊದಲ ರಾಜಶಾಸನ ಒಂದನೆಯ ಪುಲಕೇಶಿಯದು. ಶಕ 465, ಎಂದರೆ ಕ್ರಿ. ಶ. 543, ಅದರ ಕಾಲ. ವಾತಾಪಿಯ ಗಿರಿಯನ್ನು ಮೇಲಿನಿಂದಲೂ ಕೆಳಗಿನಿಂದಲೂ ಗೆಲ್ಲಲಾಗದ ದುರ್ಗವನ್ನಾಗಿ ಮಾಡಿಸಿದೆನೆಂದೂ, ಅದನ್ನು ಭೂಮಿಯ ಅಭ್ಯುದಯಕ್ಕಾಗಿ ಮಾಡಿಸಿದೆನೆಂದೂ ಅದು ಸಾರುತ್ತದೆ. ಕೋಟೆ ಯುದ್ಧದ ಸಾಧನ. ಅಭ್ಯುದಯ ಶಾಂತಿಯ ಫಲ. ಇವೆರಡನ್ನೂ ಒಂದೇ ಉಸಿರಿನಲ್ಲಿ ಹೇಳುವ ರೂಢಿ ಇಂದಿನ ರಕ್ಷಣಾ ಮಂತ್ರಿಗಳಿಂದ ಆರಂಭವಾದುದಲ್ಲವೆಂಬುದಕ್ಕೆ ಈ ಬಂಡೆಯೇ ಸಾಕ್ಷಿ.

ಹುನಗುಂದ ತಾಲೂಕಿನ ಐಹೊಳೆಯಲ್ಲಿ, ಮೇಗುಟಿಯ ಜಿನಾಲಯದ ಗೋಡೆಯ ಮೇಲೆ ಇನ್ನೊಂದು ಶಾಸನವಿದೆ. ಶಕ 556ರಲ್ಲಿ, ಕ್ರಿ. ಶ. 634ರ ಸುಮಾರಿಗೆ, ರವಿಕೀರ್ತಿಯೆಂಬ ಜೈನ ಕವಿ ಬರೆದುದು. ಇಮ್ಮಡಿ ಪುಲಕೇಶಿಯ ದಿಗ್ವಿಜಯವನ್ನು ಅವನು ಸಂಸ್ಕೃತದಲ್ಲಿ ವರ್ಣಿಸುತ್ತಾನೆ. ಉತ್ತರಾಪಥದ ಹರ್ಷನ ಹೆಸರಿನ ಮೇಲೆಯೇ ಶ್ಲೇಷೆ ಮಾಡಿ ಅವನ ಸೋಲನ್ನು ಹಾಡುತ್ತಾನೆ. ಕಾಳಿದಾಸ ಭಾರವಿಗಳ ಕೀರ್ತಿ ತನಗೂ ಸಂದಿತೆಂದು ಹೇಳಿಕೊಳ್ಳುತ್ತಾನೆ. ಕಾವ್ಯದ ಗುಣವನ್ನು ಅಲ್ಲಗಳೆಯುವಂತಿಲ್ಲ. ಆದರೆ ಮೇಗುಟಿಯ ಗುಡ್ಡವನ್ನೇರಿದ ಸಹೃದಯನಿಗೆ ಒಂದು ವಿಚಾರ ತೋರದೆ ಇರಲಾರದು: ಇರುವೆಯನ್ನೂ ತುಳಿಯಬಾರದೆಂಬ ಧರ್ಮದ ದೇಗುಲದ ಗೋಡೆಯ ಮೇಲೆ, ಆನೆಗಳು ಉರುಳಿಬಿದ್ದ ರಣರಂಗದ ಪ್ರಶಸ್ತಿ! ಕಟ್ಟಿದವನಿಗೆ ಇದರಲ್ಲಿ ವಿರೋಧ ಕಾಣಲಿಲ್ಲ. ಆಶ್ರಯ ಕೊಟ್ಟವನ ಯುದ್ಧ ಯಾವಾಗಲೂ ಧರ್ಮಯುದ್ಧವೇ ಆಗಿರುತ್ತದೆ.

ಆ ಕಾಲದಲ್ಲಿಯೇ ಈ ನಾಡನ್ನು ಕಂಡುಹೋದ ಚೀನದ ಯಾತ್ರಿಕ ಹ್ಯುಯೆನ್ ತ್ಸಾಂಗ್ ಬೇರೊಂದು ಚಿತ್ರವನ್ನು ಕೊಟ್ಟಿದ್ದಾನೆ. ಪುಲಕೇಶಿಯ ಭಟರು ರಣಕ್ಕೆ ಹೋಗುವ ಮುನ್ನ ಮದ್ಯ ಕುಡಿಯುತ್ತಿದ್ದರು, ಆನೆಗಳಿಗೂ ಕುಡಿಸುತ್ತಿದ್ದರು. ಸೋತು ಬಂದ ಸೇನಾನಿಗೆ ದಂಡನೆ ವಿಧಿಸದೆ ಹೆಂಗಸರ ಉಡಿಗೆಯನ್ನು ಕೊಡುತ್ತಿದ್ದರು. ಆ ಅವಮಾನವೇ ಅವನನ್ನು ಸಾವಿನತ್ತ ನೂಕುತ್ತಿತ್ತು. ರಾಜಶಾಸನದಲ್ಲಿ ಶೌರ್ಯವಾಗಿ ಹೊಳೆಯುವ ವಸ್ತು, ಪರದೇಶಿಯ ಕಣ್ಣಿಗೆ ಅರ್ಧ ಅಮಲಾಗಿ, ಅರ್ಧ ಅಂಜಿಕೆಯಾಗಿ ಕಂಡಿತು.

ಗೆಲ್ಲಲಾಗದ ದುರ್ಗಕ್ಕೆ ನೂರು ವರ್ಷ ತುಂಬುವ ಹೊತ್ತಿಗೆ, ಕ್ರಿ. ಶ. 642ರ ಸುಮಾರಿಗೆ, ಪಲ್ಲವರ ನರಸಿಂಹವರ್ಮ ಅದನ್ನು ಗೆದ್ದುಕೊಂಡು, ಬಾದಾಮಿಯ ಬಂಡೆಯ ಮೇಲೆಯೇ ತನ್ನ ಶಾಸನವನ್ನು ಕೆತ್ತಿಸಿದ. ಹನ್ನೆರಡು ಹದಿಮೂರು ವರ್ಷ ರಾಜಧಾನಿ ಶತ್ರುವಿನ ಕೈಯಲ್ಲಿತ್ತು. ಒಂದನೆಯ ವಿಕ್ರಮಾದಿತ್ಯ ಅದನ್ನು ಮರಳಿ ಪಡೆದ ಮೇಲೆ ಚಾಳುಕ್ಯರ ತಾಮ್ರಪಟಗಳು ಈ ಮಹಾವಿಪತ್ತನ್ನು ಹೇಗೆ ನೆನೆದವು? ಮೂವರು ಅರಸರಿಂದ ಮರೆಯಾಗಿದ್ದ ತಂದೆಯ ರಾಜ್ಯಲಕ್ಷ್ಮಿಯನ್ನು ಅವನು ಮರಳಿ ತಂದನಂತೆ! ಊರು ಕೈಬಿಟ್ಟಿತೆಂಬ ಮಾತಿಲ್ಲ, ಸೋತೆವೆಂಬ ಮಾತಿಲ್ಲ, ಲಕ್ಷ್ಮಿಯು ಕೆಲಕಾಲ ಮರೆಯಾಗಿದ್ದಳು, ಅಷ್ಟೆ. ರಾಜಕಾರಣದ ಬೂಟಾಟಿಕೆಯೆಂದರೆ ಸುಳ್ಳು ಹೇಳುವುದೆಂದೇ ನಾವು ತಿಳಿಯುತ್ತೇವೆ. ಬಹಳ ಸಲ ಅದು ಸುಳ್ಳೂ ಅಲ್ಲ. ನಿಜದ ಮೈಮೇಲೆ ಹೊದಿಸಿದ ಒಂದು ಸುಂದರವಾದ ಶಾಲು.

ಇಷ್ಟಾದರೂ ಆ ವಂಶದಲ್ಲಿ ಒಂದು ಅಪವಾದವಿದೆ. ಅದನ್ನು ಹೇಳದಿದ್ದರೆ ಅನ್ಯಾಯವಾದೀತು. ಎಂಟನೆಯ ಶತಮಾನದಲ್ಲಿ ಇಮ್ಮಡಿ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದ. ವಾತಾಪಿಯ ಸೇಡು ತೀರಿಸಿಕೊಳ್ಳಲು ಅದಕ್ಕಿಂತ ಒಳ್ಳೆಯ ಅವಕಾಶ ಬೇರೆಯಿರಲಿಲ್ಲ. ಆದರೆ ಅವನು ಊರನ್ನು ಕೆಡಿಸಲಿಲ್ಲ. ರಾಜಸಿಂಹೇಶ್ವರದ ಭಂಡಾರವನ್ನು ಕಣ್ಣಾರೆ ಕಂಡು, ಅದನ್ನು ದೇವರಿಗೇ ಮರಳಿ ಬಿಟ್ಟ. ಇದನ್ನು ಹೇಳುವ ಕನ್ನಡ ಶಾಸನ ಇಂದಿಗೂ ಕಂಚಿಯ ಕೈಲಾಸನಾಥ ದೇವಾಲಯದ ಕಂಬದ ಮೇಲಿದೆ. ಅವನ ಮಗ ಕೀರ್ತಿವರ್ಮನ ವಕ್ಕಲೇರಿಯ ತಾಮ್ರಪಟವೂ ಅದನ್ನೇ ಹೇಳುತ್ತದೆ. ಜೊತೆಗೆ ಆನೆಗಳನ್ನೂ ಮಾಣಿಕ್ಯಗಳ ರಾಶಿಯನ್ನೂ ಪಲ್ಲವನ ರಣವಾದ್ಯಗಳನ್ನೂ ತಂದ ಸಂಗತಿಯನ್ನು ಮುಚ್ಚಿಡುವುದಿಲ್ಲ. ಅರಸನೇನೂ ಸಂನ್ಯಾಸಿಯಾಗಿರಲಿಲ್ಲ. ಶತ್ರು ರಾಜನದನ್ನು ಕೊಂಡ, ಊರಿನದನ್ನು ಬಿಟ್ಟ; ಕೊಂಡುದನ್ನೂ ಬಿಟ್ಟುದನ್ನೂ ಎರಡನ್ನೂ ಬರೆಯಿಸಿದರು. ನಾವು ಮೆಚ್ಚಬೇಕಾದುದು ಆ ಲೆಕ್ಕದ ಪ್ರಾಮಾಣಿಕತೆಯನ್ನು.

ಆ ಗೆಲವಿನ ನೆನಪಿಗಾಗಿ ರಾಣಿ ಲೋಕಮಹಾದೇವಿ ಬಾದಾಮಿ ತಾಲೂಕಿನ ಪಟ್ಟದಕಲ್ಲಿನಲ್ಲಿ ಇಂದು ವಿರೂಪಾಕ್ಷನೆಂದು ಕರೆಯುವ ಗುಡಿಯನ್ನು ಕಟ್ಟಿಸಿದಳು. ತ್ರೈಲೋಕ್ಯಮಹಾದೇವಿ ಪಕ್ಕದ ಮಲ್ಲಿಕಾರ್ಜುನನನ್ನು. ಕಟ್ಟಿದ ಸೂತ್ರಧಾರ ಗುಂಡನ ಹೆಸರನ್ನೂ, ಅವನಿಗೆ ಸಂದ ತ್ರಿಭುವನಾಚಾರಿಯೆಂಬ ಬಿರುದನ್ನೂ ಅಲ್ಲಿ ಬರೆದಿದೆ. ಹಿಂದಿನ ಅರಸು ವಿಜಯಾದಿತ್ಯ ಗಾಯಕರಿಗೆ ಕೊಟ್ಟಿದ್ದ ಮರ್ಯಾದೆಗಳನ್ನು ಈ ರಾಣಿ ಉಳಿಸಿಕೊಟ್ಟಳೆಂಬುದೂ ಅಲ್ಲಿದೆ. ಹಿಂದಿನವರು ಕೊಟ್ಟ ಮಾತು ನಮ್ಮನ್ನೂ ಕಟ್ಟುತ್ತದೆಂಬ ಭಾವನೆ ಆಳುವವರಲ್ಲಿ ಎಷ್ಟು ದುರ್ಲಭವೆಂಬುದನ್ನು ಬಲ್ಲವರಿಗೆ ಈ ಪುಟ್ಟ ಶಾಸನ ಆ ದೊಡ್ಡ ಗೋಪುರಕ್ಕಿಂತ ಕಿರಿದೆನಿಸದು.

ಯುದ್ಧವಿಲ್ಲದೆ ಪಟ್ಟದಕಲ್ಲು ಎಲ್ಲಿತ್ತು ಎಂದು ಕೇಳುವವರುಂಟು. ಈ ವಾದಕ್ಕೆ ಉತ್ತರ ಹತ್ತಿರದಲ್ಲಿಯೇ ಇದೆ. ಐಹೊಳೆಯ ಹೆಸರನ್ನು ದೇಶದೇಶಗಳಿಗೆ ಒಯ್ದದ್ದು ದಂಡಲ್ಲ, ಅಯ್ಯಾವೊಳೆಯ ಐನೂರ್ವರೆಂಬ ವರ್ತಕರ ಸಂಘ. ಕತ್ತೆ ಎತ್ತುಗಳ ಮೇಲೆ ಹೇರು ಹೇರಿಕೊಂಡು ದಕ್ಷಿಣದ ಹಾದಿಗಳನ್ನೆಲ್ಲ ತುಳಿದ ಆ ಸಂಘದ ಹೆಸರು, 1088ರ ತಮಿಳು ಶಾಸನವೊಂದರಲ್ಲಿ ಸುಮಾತ್ರಾ ದ್ವೀಪದಲ್ಲಿಯೂ ದೊರೆತಿದೆ. ಅವರಲ್ಲಿಯೂ ಆಯುಧ ಹಿಡಿದ ಕಾವಲಿನವರಿದ್ದರು, ನಿಜ. ಆದರೆ ಆ ಕಾವಲು ಸರಕಿಗಾಗಿ ಇತ್ತು, ಸರಕು ಕಾವಲಿಗಾಗಿ ಇರಲಿಲ್ಲ. ಚಾಳುಕ್ಯರ ಪಟ್ಟ ಎಂಟನೆಯ ಶತಮಾನದ ಮಧ್ಯದಲ್ಲಿಯೇ ರಾಷ್ಟ್ರಕೂಟರ ಪಾಲಾಯಿತು. ಐನೂರ್ವರ ವ್ಯವಹಾರ ಅದರ ಮೇಲೆ ಇನ್ನೂ ಹಲವು ಶತಮಾನ ನಡೆಯಿತು.

ಗೆದ್ದವರ ಮಾತು ಕಲ್ಲಿನಲ್ಲಿ ಉಳಿಯಿತು. ಸೋತವರದು ತಾಮ್ರಪಟದ ಅಲಂಕಾರದಲ್ಲಿ ಅಡಗಿತು. ಗೆಲ್ಲದೆ ಸೋಲದೆ, ದಂಡು ಹೋಗುವ ದಾರಿಯಲ್ಲಿ ಹೊಲವಿದ್ದವರ ಮಾತು ಎಲ್ಲಿ ಉಳಿಯಿತು? ಬಾದಾಮಿಯ ಕೋಟೆಯನ್ನು 1786ರಲ್ಲಿ ಮರಾಠರೂ ನಿಜಾಮನೂ ಕೂಡಿ ಟೀಪುವಿನಿಂದ ಕಸಿದರು. 1818ರಲ್ಲಿ ಮನ್ರೋ ಅದನ್ನು ಇಂಗ್ಲಿಷರ ವಶಕ್ಕೆ ತಂದ. ಈ ತೇದಿಗಳನ್ನು ವಿದ್ಯಾರ್ಥಿಗಳು ಪರೀಕ್ಷೆಗಾಗಿ ಬಾಯಿಪಾಠ ಮಾಡುತ್ತಾರೆ. ಜನ ನೆನಪಿಟ್ಟುಕೊಂಡದ್ದು ಬೇರೊಂದನ್ನು. ನಾಲ್ಕು ಕಡೆಯ ದಂಡುಗಳು ದಕ್ಷಿಣವನ್ನೆಲ್ಲ ತುಳಿಯುತ್ತಿದ್ದ 1791-92ರ ಕಾಲದಲ್ಲಿ ವಿಜಾಪುರದ ಸೀಮೆಗೆ ಬಿದ್ದ ಬರವನ್ನು ಅವರು ಡೋಗಿ ಬರವೆಂದು ಕರೆದರು. ಸುಡುವವರೂ ಹೂಳುವವರೂ ಇಲ್ಲದೆ ನೆಲದ ತುಂಬ ತಲೆಬುರುಡೆಗಳು ಬಿದ್ದಿದ್ದವೆಂಬುದರಿಂದ ಬಂದ ಹೆಸರದು. ಅದಕ್ಕೆ ಶಾಸನವಿಲ್ಲ, ಹೆಸರೇ ಶಾಸನ.

ಇನ್ನು ನಮ್ಮ ಕಾಲಕ್ಕೆ ಬರೋಣ. ಹಳೆಯ ದಾನಶಾಸನದ ರೀತಿಯನ್ನು ಗಮನಿಸಿದರೆ ಒಂದು ಸಂಗತಿ ಎದ್ದುಕಾಣುತ್ತದೆ. ಮೊದಲು ಭೂಮಿಯನ್ನು ಕೊಟ್ಟು, ಎಲ್ಲೆಗಳನ್ನು ಗುರುತಿಸಿ, ಸಾಕ್ಷಿಗಳನ್ನು ಹೆಸರಿಸಿ, ಕೊಟ್ಟುದನ್ನು ಕಿತ್ತುಕೊಂಡವನಿಗೆ ಶಾಪವನ್ನೂ ಬರೆದು, ಆಮೇಲೆ ಕಲ್ಲು ನೆಡುತ್ತಿದ್ದರು. ಕೃತಿ ಮೊದಲು, ಕಲ್ಲು ಅನಂತರ. ನಮ್ಮ ಕಾಲ ಈ ಕ್ರಮವನ್ನು ತಲೆಕೆಳಗು ಮಾಡಿದೆ. ಇಂದು ಕಲ್ಲು ಮೊದಲು ಬರುತ್ತದೆ. ಅದರ ಮೇಲೆ ಮಂತ್ರಿಗಳ, ಶಾಸಕರ, ಅಧ್ಯಕ್ಷತೆ ವಹಿಸಿದವರ ಹೆಸರು ಬರುತ್ತವೆ. ಕೃತಿಯು ದೇವರ ಇಚ್ಛೆಯಂತೆ ಬರುತ್ತದೆ. ಇದಕ್ಕೆ ನಾವು ಶಂಕುಸ್ಥಾಪನೆಯೆಂಬ ಮಂಗಳಕರವಾದ ಹೆಸರನ್ನಿಟ್ಟಿದ್ದೇವೆ.

1964ರ ಮೇ ತಿಂಗಳಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಕೃಷ್ಣೆಗೆ ಅಣೆಕಟ್ಟಿನ ಅಡಿಗಲ್ಲನ್ನಿಟ್ಟರು. ಮರುತಿಂಗಳೇ ಅವರು ಪ್ರಧಾನಿಗಳಾದರು. ಮರುವರ್ಷ ಪಾಕಿಸ್ತಾನದೊಡನೆ ಯುದ್ಧವಾಯಿತು. ಜೈ ಜವಾನ್, ಜೈ ಕಿಸಾನ್ ಎಂಬ ಘೋಷಣೆ ಹುಟ್ಟಿತು. ಶಾಸ್ತ್ರಿಯವರನ್ನು ಬೂಟಾಟಿಕೆಯವರೆಂದು ಅವರ ವಿರೋಧಿಗಳೂ ಹೇಳಲಿಲ್ಲ. ಧಾನ್ಯದ ಅಭಾವವಿದ್ದಾಗ ವಾರಕ್ಕೊಂದು ಹೊತ್ತು ಉಪವಾಸವಿರಿ ಎಂದು ದೇಶಕ್ಕೆ ಹೇಳುವ ಮುನ್ನ ತಮ್ಮ ಮನೆಯಲ್ಲಿ ಅದನ್ನು ನಡೆಸಿ ನೋಡಿದರೆಂಬುದು ಪ್ರಸಿದ್ಧವಾದ ಮಾತು. ಆದರೆ ಅವರು ಇಟ್ಟ ಕಲ್ಲಿನ ಕಥೆ ಅವರ ಹಿಂದೆ ಬಂದವರ ಕೈಗೆ ಸಿಕ್ಕಿತು. ಕಲ್ಲಿಗೂ ನೀರಿಗೂ ನಡುವೆ ಮೂರೂವರೆ ದಶಕಗಳು ಹೋದವು. 2000ದಲ್ಲಿ ಸುಪ್ರೀಂ ಕೋರ್ಟು 519.6 ಮೀಟರ್ ಎತ್ತರಕ್ಕೆ ಒಪ್ಪಿಗೆಯಿತ್ತ ಮೇಲೆ ಹಿನ್ನೀರು ಏರಿತು. ಘಟಪ್ರಭೆಯ ದಂಡೆಯ ಹಳೆಯ ಬಾಗಲಕೋಟೆಯ ಬಹುಭಾಗ ಅದರಲ್ಲಿ ಅಡಗಿತು. ದಿಬ್ಬದ ಮೇಲೆ ನವನಗರ ಎದ್ದಿತು. ಹಳೆಯ ಊರಿನಲ್ಲಿ ಓಣಿಗೆ ಹೆಸರಿತ್ತು. ಹೊಸ ಊರಿನಲ್ಲಿ ಸೆಕ್ಟರಿಗೆ ಸಂಖ್ಯೆ ಬಂದಿತು.

ಅಣೆಕಟ್ಟು ವ್ಯರ್ಥವಾಯಿತೆಂದು ಯಾರೂ ಹೇಳಲಾರರು. 123 ಟಿ.ಎಂ.ಸಿ. ನೀರು ಅಲ್ಲಿ ನಿಲ್ಲುತ್ತದೆ. 290 ಮೆಗಾವಾಟ್ ವಿದ್ಯುತ್ತಿನ ಸಾಮರ್ಥ್ಯವಿದೆ. ವಿಜಯಪುರ, ಕಲಬುರಗಿ, ಯಾದಗಿರಿ, ರಾಯಚೂರುಗಳ ಬಾಯಾರಿದ ಎರೆಹೊಲಗಳಿಗೆ ಕೃಷ್ಣೆ ಹರಿದಿದ್ದಾಳೆ. ನಮ್ಮ ಪ್ರಶ್ನೆ ನೀರಿನದಲ್ಲ, ಒಂದು ಶಬ್ದದ್ದು. ಮುಳುಗಡೆಯ ಜನರನ್ನು ಕುರಿತು ಮಾತಾಡುವಾಗ ವೇದಿಕೆಯ ಮೇಲಿನವರೆಲ್ಲ ತ್ಯಾಗವೆಂಬ ಶಬ್ದವನ್ನು ಬಳಸುತ್ತಾರೆ. ಯುದ್ಧಕಾಲದಲ್ಲಿ ಮಡಿದ ಯೋಧನಿಗೆ ಬಲಿದಾನವೆಂಬ ಶಬ್ದ ಹೇಗೋ, ಶಾಂತಿಕಾಲದಲ್ಲಿ ಮನೆ ಕಳೆದುಕೊಂಡವನಿಗೆ ಇದು ಹಾಗೆ. ತ್ಯಾಗವೆಂದರೆ ತಾನಾಗಿ ಬಿಟ್ಟುಕೊಡುವುದು. ನೋಟೀಸು ಕೊಟ್ಟು, ಗಡುವು ಹಾಕಿ, ತೆಗೆದುಕೊಂಡುದನ್ನು ತ್ಯಾಗವೆಂದು ಕರೆಯುವ ಅಧಿಕಾರ ಕಳೆದುಕೊಂಡವನಿಗೆ ಇದ್ದೀತು, ಪಡೆದವನಿಗೆ ಎಲ್ಲಿಯದು? ಹೊಗಳಿಕೆಯಿಂದ ಋಣ ತೀರುವುದಾದರೆ ಸಾಲಗಾರನಷ್ಟು ಸುಖಿ ಲೋಕದಲ್ಲಿ ಇನ್ನೊಬ್ಬನಿರಲಾರ.

ಋಣ ಇನ್ನೂ ತೀರಿಲ್ಲ. ಕೃಷ್ಣಾ ಎರಡನೆಯ ನ್ಯಾಯಾಧಿಕರಣ 2010ರ ಡಿಸೆಂಬರಿನಲ್ಲಿ ಅಣೆಕಟ್ಟನ್ನು 524.256 ಮೀಟರಿಗೆ ಏರಿಸಲು ಅನುಮತಿಯಿತ್ತಿತು. ಏರಿಸಿದರೆ ಇನ್ನೂ 20 ಹಳ್ಳಿಗಳು ಮುಳುಗುತ್ತವೆ. ತೀರ್ಪು 2025ರ ಹೊತ್ತಿಗೂ ಕೇಂದ್ರದ ರಾಜಪತ್ರಕ್ಕೆ ಏರಿರಲಿಲ್ಲ. ಈ ಅವಧಿಯಲ್ಲಿ ಆ ಹಳ್ಳಿಗಳ ರೈತ ಮಗಳ ಮದುವೆಗೆ ಹೊಲ ಮಾರಲಾರ, ಮಗನಿಗೆಂದು ಹೊಸ ಕೋಣೆ ಕಟ್ಟಲಾರ. ಮುಳುಗುವ ಭೂಮಿಯನ್ನು ಯಾರು ಕೊಂಡಾರು? ನೀರು ಬರುವ ಮೊದಲೇ ಅವನ ಬಾಳು ಅರ್ಧ ಮುಳುಗಿದೆ. 2025ರ ಸೆಪ್ಟೆಂಬರಿನಲ್ಲಿ ರಾಜ್ಯದ ಮಂತ್ರಿಮಂಡಲ ನೀರಾವರಿ ಭೂಮಿಗೆ ಎಕರೆಗೆ 40 ಲಕ್ಷ ರೂಪಾಯಿ, ಒಣಬೇಸಾಯದ ಭೂಮಿಗೆ 30 ಲಕ್ಷ ರೂಪಾಯಿ ಪರಿಹಾರವೆಂದು ನಿರ್ಣಯಿಸಿತು. ಒಳ್ಳೆಯ ಮಾತು. ಕೊನೆಯ ರೈತನ ಕೈಗೆ ಕೊನೆಯ ರೂಪಾಯಿ ಸೇರಿದ ದಿನ ಅದು ಶಾಸನವಾದೀತು. ಅಲ್ಲಿಯವರೆಗೆ ಅದೂ ಶಂಕುಸ್ಥಾಪನೆಯೇ.

ಕೃಷ್ಣೆಯಿಂದ ದಕ್ಷಿಣಕ್ಕೆ ಹೊರಳಿ ಇಳಕಲ್ಲಿಗೆ ಬಂದರೆ ಇದೇ ರೋಗದ ಬೇರೆ ಲಕ್ಷಣ ಕಾಣುತ್ತದೆ. ಇಳಕಲ್ಲಿನ ಸೀರೆಯನ್ನರಿಯದ ಕನ್ನಡ ಮನೆಯಿಲ್ಲ. ನೂಲಿನ ಒಡಲಿಗೆ ಕೆಂಪು ರೇಷ್ಮೆಯ ಸೆರಗನ್ನು ಎಳೆಗೆ ಎಳೆ ಕೂಡಿಸಿ ನೇಯುವ ಆ ಕುಶಲತೆಗೆ ಕುಣಿಮಗ್ಗದ ಮುಂದೆ ಕುಳಿತ ಒಂದಿಡೀ ಕುಟುಂಬದ ದುಡಿಮೆ ಬೇಕು. ಆಗಸ್ಟ್ 7ನ್ನು ರಾಷ್ಟ್ರೀಯ ಕೈಮಗ್ಗ ದಿನವೆಂದು 2015ರಿಂದ ಆಚರಿಸುತ್ತಿದ್ದೇವೆ. 2020ರಲ್ಲಿ ಆ ದಿನಕ್ಕೆ ಕೆಲವೇ ದಿನಗಳಿರುವಾಗ ಕೇಂದ್ರ ಸರಕಾರ ಅಖಿಲ ಭಾರತ ಕೈಮಗ್ಗ ಮಂಡಳಿಯನ್ನು ರದ್ದುಪಡಿಸಿತು. ಮಂಡಳಿ ಹೋಯಿತು, ದಿನ ಉಳಿಯಿತು. ನೇಕಾರನಿಗೆ ವರ್ಷದಲ್ಲಿ ಒಂದು ದಿನ ಹಾರ, ಉಳಿದ 364 ದಿನ ಯಂತ್ರಮಗ್ಗದ ನಕಲಿ ಸೀರೆಯೊಡನೆ ಒಂಟಿ ಹೋರಾಟ.

ಇಳಕಲ್ಲಿನದೇ ಇನ್ನೊಂದು ಸಂಗತಿಯಿದೆ. ಅಲ್ಲಿಯ ವಿಜಯಮಹಾಂತೇಶ ಮಠದ ಡಾ. ಮಹಾಂತ ಸ್ವಾಮಿಗಳು 1970ರ ದಶಕದಲ್ಲಿ ಜೋಳಿಗೆ ಹಿಡಿದು ಹೊರಟರು. ಕಾಳುಕಡಿಯನ್ನಾಗಲಿ ಕಾಣಿಕೆಯನ್ನಾಗಲಿ ಅವರು ಬೇಡಲಿಲ್ಲ. ನಿಮ್ಮ ದುಶ್ಚಟಗಳನ್ನು ಈ ಜೋಳಿಗೆಗೆ ಹಾಕಿರಿ ಎಂದರು. 2018ರಲ್ಲಿ ಅವರು ಲಿಂಗೈಕ್ಯರಾಗುವವರೆಗೂ ನಡೆದ ಈ ಭಿಕ್ಷೆಯಿಂದ ಎಷ್ಟೋ ಮನೆಗಳ ಒಲೆ ಮತ್ತೆ ಹೊತ್ತಿಕೊಂಡಿತು. ಅವರ ಜನ್ಮದಿನವಾದ ಆಗಸ್ಟ್ 1ನ್ನು ಸರಕಾರ ವ್ಯಸನಮುಕ್ತ ದಿನವೆಂದು ಆಚರಿಸುತ್ತದೆ. ಅದೇ ಸರಕಾರ 2025-26ರ ಮುಂಗಡಪತ್ರದಲ್ಲಿ ಅಬಕಾರಿಯಿಂದ 40,000 ಕೋಟಿ ರೂಪಾಯಿ ಬರಬೇಕೆಂದು ಗುರಿಯಿಟ್ಟುಕೊಂಡಿತು. ಪಕ್ಷ ಯಾವುದಾದರೂ ಆಗಲಿ, ಗುರಿಯು ವರ್ಷದಿಂದ ವರ್ಷಕ್ಕೆ ಏರಿಯೇ ಬಂದಿದೆ. ಪುಲಕೇಶಿಯ ದಂಡಿಗೆ ಮದ್ಯ ಬೇಕಾದದ್ದು ಧೈರ್ಯಕ್ಕಾಗಿ. ನಮ್ಮ ಬೊಕ್ಕಸಕ್ಕೆ ಬೇಕಾದದ್ದು ಕಲ್ಯಾಣಕ್ಕಾಗಿ. ಗಂಡನ ಕೂಲಿ ಸಂಜೆ ಅಂಗಡಿಗೆ ಹೋಗಿ, ಅಲ್ಲಿಂದ ಬೊಕ್ಕಸಕ್ಕೆ ಹೋಗಿ, ಬೊಕ್ಕಸದಿಂದ ಒಂದು ಪಾಲು ಯೋಜನೆಯ ಹೆಸರಿನಲ್ಲಿ ಹೆಂಡತಿಯ ಕೈಗೆ ಮರಳುತ್ತದೆ. ಈ ಪ್ರದಕ್ಷಿಣೆಗೆ ಸಮೃದ್ಧಿಯೆಂಬ ಹೆಸರು ಒಪ್ಪುವುದಾದರೆ ದಾರಿದ್ರ್ಯಕ್ಕೆ ಬೇರೆ ಹೆಸರನ್ನು ಹುಡುಕಬೇಕಾಗುತ್ತದೆ.

ದೂರದ ಯುದ್ಧಗಳು ನಮ್ಮವಲ್ಲವೆಂದು ತಿಳಿಯುವವರೂ ಇದ್ದಾರೆ. 2022ರ ಫೆಬ್ರವರಿಯಲ್ಲಿ ರಷ್ಯವು ಉಕ್ರೇನಿನ ಮೇಲೆ ದಂಡೆತ್ತಿ ಹೋದಾಗ ಸೂರ್ಯಕಾಂತಿ ಎಣ್ಣೆಯ ಬೆಲೆ ನಮ್ಮ ಸಂತೆಗಳಲ್ಲಿ ಏರಿತು. ಮಾರ್ಚ್ 1ರಂದು ಖಾರ್ಕಿವ್ ನಗರದಲ್ಲಿ, ದಿನಸಿ ತರಲು ಹೊರಗೆ ಬಂದಿದ್ದ ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿಯೊಬ್ಬ ಶೆಲ್ಲಿನ ದಾಳಿಗೆ ಬಲಿಯಾದ. ವೈದ್ಯನಾಗಬೇಕೆಂಬ ಹಳ್ಳಿಯ ಹುಡುಗ ಅಷ್ಟು ದೂರ ಹೋದದ್ದೇಕೆ ಎಂಬ ಪ್ರಶ್ನೆ ಆಗ ಕೆಲದಿನ ಎದ್ದು ಅಡಗಿತು. ಯುದ್ಧವನ್ನು ಖಂಡಿಸುವುದು ಸುಲಭ. ಮಕ್ಕಳನ್ನು ಅದರ ಬಾಗಿಲಿಗೆ ಅಟ್ಟುವ ನಮ್ಮ ಶಿಕ್ಷಣದ ಬೆಲೆಪಟ್ಟಿಯನ್ನು ಖಂಡಿಸುವುದು ಕಷ್ಟ.

ಹುನಗುಂದ ತಾಲೂಕಿನ ಕೂಡಲಸಂಗಮದಲ್ಲಿ ಕೃಷ್ಣೆ ಮಲಪ್ರಭೆಗಳು ಕೂಡುತ್ತವೆ. ಅಲ್ಲಿ ಬೆಳೆದ ಬಸವಣ್ಣನವರು ಬಿಜ್ಜಳನ ಭಂಡಾರವನ್ನು ನೋಡಿಕೊಂಡವರು. ಅಧಿಕಾರದ ಒಳಮನೆಯನ್ನು ಕಂಡವರು. ನುಡಿಗೂ ನಡೆಗೂ ನಡುವಿನ ಅಂತರವನ್ನು ಅವರಷ್ಟು ನಿಷ್ಠುರವಾಗಿ ಅಳೆದವರು ಕಡಿಮೆ. 2024ರ ಜನವರಿಯಲ್ಲಿ ರಾಜ್ಯ ಸರಕಾರ ಅವರನ್ನು ಸಾಂಸ್ಕೃತಿಕ ನಾಯಕರೆಂದು ಘೋಷಿಸಿತು. ಕಚೇರಿಗಳಲ್ಲಿ ಅವರ ಭಾವಚಿತ್ರವನ್ನು ತೂಗುಹಾಕಿತು. ಸಂತೋಷ. ಆದರೆ ಭಾವಚಿತ್ರದ ಕೆಳಗೆ ಕುಳಿತವನು ಮುಳುಗಡೆಯ ರೈತನ ಕಡತವನ್ನು ಎಷ್ಟು ದಿನ ಮೇಜಿನ ಮೇಲೆ ಇಟ್ಟುಕೊಳ್ಳುತ್ತಾನೆಂಬುದರ ಮೇಲೆ ಆ ಘೋಷಣೆಯ ಸತ್ಯವು ನಿಂತಿದೆ.

ಅಧ್ಯಾಪಕರಲ್ಲಿ ನಮ್ಮದೊಂದು ಬಿನ್ನಹ. ವಿದ್ಯಾರ್ಥಿಗಳನ್ನು ಬಾದಾಮಿಗೆ ಪ್ರವಾಸ ಕರೆದೊಯ್ಯುವಾಗ ಗುಹೆಗಳನ್ನು ತೋರಿಸಿ ಮರಳಬೇಡಿರಿ. ಅಲ್ಲಿಯ ಬಂಡೆಯೊಂದರ ಮೇಲೆ ಕಪ್ಪೆ ಅರಭಟ್ಟನೆಂಬವನ ಶಾಸನವಿದೆ, ಕ್ರಿ. ಶ. 700ರ ಸುಮಾರಿನದು, ಕನ್ನಡದ ಅತ್ಯಂತ ಹಳೆಯ ತ್ರಿಪದಿಗಳನ್ನು ಒಳಗೊಂಡದ್ದು. ಅವನು ಯಾವ ರಾಜ್ಯವನ್ನು ಗೆದ್ದನೆಂದು ಅದು ಹೇಳುವುದಿಲ್ಲ. ಒಳ್ಳೆಯವರೊಡನೆ ಹೇಗೆ, ಕೇಡಿಗರೊಡನೆ ಹೇಗೆ ನಡೆದುಕೊಳ್ಳುತ್ತಿದ್ದನೆಂಬುದನ್ನಷ್ಟೇ ಹೇಳುತ್ತದೆ. ಮಕ್ಕಳು ಅದನ್ನು ಓದಲಿ. ಊರಿಗೆ ಮರಳಿದ ಮೇಲೆ ತಮ್ಮೂರಿನ ಶಾಲೆಯ, ದವಾಖಾನೆಯ, ಕಾಲುವೆಯ ಗೋಡೆಗಳ ಮೇಲಿನ ಅಮೃತಶಿಲೆಯ ಫಲಕಗಳನ್ನೂ ಓದಲಿ. ಪ್ರತಿಯೊಂದರ ಮುಂದೆಯೂ ಎರಡು ತೇದಿಗಳನ್ನು ಬರೆದುಕೊಳ್ಳಲಿ: ಕಲ್ಲು ನೆಟ್ಟ ತೇದಿ, ಕೆಲಸ ಮುಗಿದ ತೇದಿ. ಎರಡನೆಯದು ಸಿಕ್ಕದಿದ್ದಲ್ಲಿ ಜಾಗವನ್ನು ಖಾಲಿ ಬಿಡಲಿ. ನಮ್ಮ ಕಾಲದ ಇತಿಹಾಸವನ್ನು ಬರೆಯುವವರಿಗೆ ಆ ಖಾಲಿ ಜಾಗಗಳೇ ಆಧಾರವಾಗಬಹುದು.